ಹನ್ನೊಂದರಲ್ಲಿ ಇಲ್ಲದವರ ಮನೆಗೆ

ಬಸ್ಸಿನಲ್ಲಿ ಅವರ ಬಲಗಾಲು ಯಾವಾಗಲೂ ಸೀಟುಗಳ ನಡುವಿನ ದಾರಿಗೆ ಚಾಚಿಕೊಂಡಿರುತ್ತಿತ್ತು. ಮಂಡಿಯ ಚಿಪ್ಪು ಒಂದು ಪಕ್ಕಕ್ಕೆ ಸರಿದು ಪ್ಯಾಂಟಿನ ಮೇಲೂ ಉಬ್ಬಿ ಕಾಣುತ್ತಿತ್ತು. ಆ ಕಾಲು ಪೂರ್ತಿ ಮಡಿಚುತ್ತಿರಲಿಲ್ಲ. ಜಗಳೂರು ಬಸ್ಸಿನ ಕಂಡಕ್ಟರುಗಳು ಅದನ್ನು ದಾಟಿ ಟಿಕೆಟ್ ಹರಿಯುವುದನ್ನು ರೂಢಿ ಮಾಡಿಕೊಂಡಿದ್ದರು. ಹೊಸಬನೊಬ್ಬ ಎಡವಿ ಸಿಟ್ಟಿನಿಂದ ತಿರುಗಿದರೆ, ಇವರೇ "ಫೌಲ್ ನಂದೇ ಕಣಪ್ಪ" ಅನ್ನುತ್ತಿದ್ದರು.

ನಾವು ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಅದು ಗರಡಿಮನೆಯ ಮಾತು, ಫುಟ್‌ಬಾಲ್ ಕೋಚ್‌ಗೆ ಹೇಗೆ ಅಂಟಿಕೊಂಡಿತೋ ಗೊತ್ತಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹುಡುಗರನ್ನು ಕೂಡಿಸಿ, ತಿಂಗಳ ಸಂಬಳ ಕೊಟ್ಟು, ಲೀಗಿನ ಕೆಳಗಿನ ವಿಭಾಗದಲ್ಲಿ ಆಡಿಸುವ ತಂಡವೊಂದಿದೆ ಎಂದರೆ ಈಗಲೂ ಜನ ನಂಬುವುದಿಲ್ಲ. ಕಬಡ್ಡಿ ಎಂದರೆ ಕೆಲಸ ಬಿಟ್ಟು ಬರುವ ಸೀಮೆ ನಮ್ಮದು. "ಫುಟ್ಬಾಲಾ? ಯಾವ ಚಾನಲ್‌ನಾಗೆ ಬರ್ತೈತೆ?" ಎಂದು ಕೇಳುತ್ತಾರೆ. ಉಸ್ತಾದ್ ಆ ತಂಡದ ಮುಖ್ಯ ಕೋಚ್. ನಾನು ಅವರ ಸಹಾಯಕ, ಗೋಲ್‌ಕೀಪರ್‌ಗಳನ್ನು ತಯಾರು ಮಾಡುವವನು. ಉಳಿದ ಹೊತ್ತು ನ್ಯಾಮತಿಯಲ್ಲಿ ನನ್ನ ಮೊಬೈಲ್ ರಿಪೇರಿ ಅಂಗಡಿ.

ಪಂದ್ಯಕ್ಕೆ ಮುಂಚೆ ಹನ್ನೊಂದು ಹೆಸರು ಗಟ್ಟಿಯಾದ ಮೇಲೆ ಆಡುವ ಹುಡುಗರಿಗೆ ಅವರು ಫೋನ್ ಮಾಡುತ್ತಿದ್ದರು. ಹಿಂದಿನ ಪಂದ್ಯದಲ್ಲಿ ಆಡಿ ಈ ಸಲ ಹೊರಗುಳಿದವನ ಮನೆಗೆ ಮಾತ್ರ ತಾವೇ ಹೋಗುತ್ತಿದ್ದರು. ಜಗಳೂರಾದರೂ ಸರಿ, ಸಂತೇಬೆನ್ನೂರಾದರೂ ಸರಿ, ಆ ಕಾಲು ಎಳೆದುಕೊಂಡು ಬಸ್ ಹತ್ತುವುದೇ. ಜೊತೆಗೆ ನಾನು. ನನಗೆ ಬೇಸರ ಬಂದು ಒಮ್ಮೆ, "ಇದನ್ನೂ ಫೋನ್‌ನಾಗೇ ಹೇಳಿದ್ರೆ ಆಗಲ್ವೇನ್ರಿ?" ಎಂದೆ.

"ಆಡೋನಿಗೆ ಫೋನ್ ಸಾಕು. ಕೂರೋನಿಗೆ ಬೈಯಾಕೆ ಎದುರಿಗೆ ಒಂದು ಮುಖ ಬೇಕಲ್ಲೋ" ಎಂದರು.

ಇನ್ನೊಂದು ನಿಯಮವಿತ್ತು. ವಿಷಯ ಹೇಳುವ ಮುಂಚೆ ಆ ಮನೆಯಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. ಜಗಳೂರಿನ ಹುಡುಗನೊಬ್ಬನ ತಾಯಿ ನಮ್ಮನ್ನು ಕಂಡ ಕೂಡಲೇ ತಟ್ಟೆ ಇಟ್ಟು, ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಉಸ್ತಾದ್ ಬಾಗಿಲಲ್ಲೇ ನಿಂತು, "ಮೊದಲು ಮಾತು ಅಕ್ಕಾರೆ, ಆಮ್ಯಾಲೆ ಊಟ. ಉಂಡು ಹೇಳಿದ್ರೆ ಮೋಸ ಆಗ್ತೈತೆ" ಎಂದು ಹೇಳಿ, ಹುಡುಗನ ಕಡೆ ತಿರುಗಿ ವಿಷಯ ಹೇಳಿದರು. ಆ ತಾಯಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾವು ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿಂದೆವು. "ಸರಿಯಾಗೇ ಮಾಡಿದ್ಲು ಆಯಮ್ಮ" ಎಂದರು ಉಸ್ತಾದ್. ನನಗೆ ಹಸಿವಿಗಿಂತ ಅವಮಾನ ಹೆಚ್ಚಾಗಿತ್ತು.

ಹೊನ್ನಾಳಿ ಅವರ ಸ್ವಂತ ಊರು. ಅಲ್ಲೇ ಅವರಿಗೆ ಕೂತು ಮಾತಾಡಲು ಮನೆಗಳು ಕಡಿಮೆಯಾಗುತ್ತ ಬಂದಿದ್ದವು. ತಂಗಿಯ ಮಗನನ್ನು ತಂಡದಿಂದ ತೆಗೆದ ಮೇಲೆ ತಂಗಿ ಅವರ ಹೊಸ್ತಿಲು ತುಳಿದಿರಲಿಲ್ಲ. ಹುಡುಗನ ಓಟ ನಿಂತಿತ್ತು, ಅದು ಎಲ್ಲರಿಗೂ ಗೊತ್ತಿತ್ತು, ತಂಗಿಗೂ ಗೊತ್ತಿದ್ದಿರಬೇಕು. ಉಸ್ತಾದ್ ತಂಗಿಯ ಬೀದಿಯಲ್ಲಿ ಹೋಗುವಾಗ ನೆಲ ನೋಡಿಕೊಂಡು ಹೋಗುತ್ತಿದ್ದರು. ಗೆದ್ದ ದಿನವೂ ಅವರ ಮುಖದಲ್ಲಿ ದಣಿವೇ ಇರುತ್ತಿತ್ತು. ಇವರಿಗೆ ಆಟ ಇಷ್ಟವೋ ಇಲ್ಲವೋ ಎಂದು ನಾನೇ ಅನುಮಾನಪಟ್ಟಿದ್ದೇನೆ.

ಮಂಡಿ ಪೂರ್ತಿ ಕೈಕೊಟ್ಟಾಗ ಅವರು ಕೋಚ್ ಕೆಲಸ ಬಿಡುತ್ತೇನೆ ಎಂದರು. ಕಮಿಟಿಯಲ್ಲಿದ್ದವರು ನಾಲ್ಕೂ ತಾಲ್ಲೂಕಿನ ವ್ಯಾಪಾರಸ್ಥರು. ಅವರಿಗೆ ಆಟ ಅಷ್ಟಕ್ಕಷ್ಟೇ. "ನೀವು ತೋರಿಸ್ದೋರೇ ಮುಂದಿನ ಕೋಚ್" ಎಂದು ಭಾರವನ್ನು ಉಸ್ತಾದರ ಮೇಲೇ ಹಾಕಿದರು. ಅದು ನಾನೇ ಎಂದು ಎಲ್ಲರೂ ಮಾತಾಡಿಕೊಂಡರು. ಹುಡುಗರು ಆಗಲೇ ನನ್ನನ್ನು ಛೇಡಿಸುತ್ತಿದ್ದರು. ನನ್ನ ಹೆಂಡತಿ ತವರಿಗೆ ಸುದ್ದಿ ಮುಟ್ಟಿಸಿಯೂ ಆಗಿತ್ತು. ಸುಳ್ಳೇಕೆ, ಜೀವನದಲ್ಲಿ ನಾನು ಅಷ್ಟು ಆಸೆಪಟ್ಟ ಇನ್ನೊಂದು ಕೆಲಸವಿಲ್ಲ.

ಉಸ್ತಾದ್ ಜ್ವರದಲ್ಲಿ ಮಲಗಿದ್ದಾಗ ಒಂದು ಪಂದ್ಯ ನಾನೇ ನಡೆಸಿದ್ದೆ. ಮನೆಯವರು ನೋಡಲು ಬಂದಿದ್ದಾರೆ ಎಂದು ಒಬ್ಬನನ್ನು ಆಟಕ್ಕಿಳಿಸಿದೆ, ಬಹಳ ದಿನದಿಂದ ಕೂತಿದ್ದಾನೆ ಎಂದು ಇನ್ನೊಬ್ಬನನ್ನು. ಸೋತೆವು. ಆದರೆ ವಾಪಸ್ ಬರುವಾಗ ಬಸ್ಸಿನ ತುಂಬ ನಗು. ವಿಷಯ ಕೇಳಿ ಉಸ್ತಾದ್, "ನೀನು ಪಂಕ್ತಿಗೆ ಬಡಿಸ್ದಂಗೆ ಟೀಮ್ ಮಾಡ್ತಿ. ಯಾರ ಎಲೆನೂ ಖಾಲಿ ಇರಬಾರದು ನಿಂಗೆ" ಎಂದಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಹೆಸರು ಹೇಳಬೇಕಾದ ದಿನ ಹತ್ತಿರ ಬಂದಾಗ ಉಸ್ತಾದ್ ನ್ಯಾಮತಿಗೆ, ನಮ್ಮ ಮನೆಗೆ ಬಂದರು. ಹೆಂಡತಿ ಸಂಭ್ರಮದಿಂದ ತಟ್ಟೆ ಹಾಕಿದಳು. ಅವರು ಕೂರಲಿಲ್ಲ. ಗೋಡೆಗೆ ಒಂದು ಕೈ ಕೊಟ್ಟು, ಕೆಟ್ಟ ಕಾಲನ್ನು ಹಗುರ ಮಾಡಿಕೊಂಡು ನಿಂತೇ ಇದ್ದರು.

"ನಿನ್ನ ಹೆಸರು ಹೇಳ್ತಾ ಇಲ್ಲ ನಾನು. ಮಂಗಳೂರು ಕಡೆಯೋರು ಒಬ್ರು ಅದಾರೆ, ಅವರ್ನ ಹೇಳ್ತೀನಿ."

"ನಂದೇನು ತಪ್ಪು ಉಸ್ತಾದ್?"

"ತಪ್ಪಲ್ಲ. ಹುಡುಗರ್ನ ಕೂರ್ಸಾಕೆ ನಿನ್ನ ಕೈಲಿ ಆಗಲ್ಲ."

ನನ್ನ ಹೆಂಡತಿ ತಟ್ಟೆ ಎತ್ತಲಿಲ್ಲ. "ಕೂತ್ಕಳ್ರಿ, ಉಂಡ್ಕಂಡು ಹೋಗ್ರಿ" ಎಂದಳು, ಆ ಧ್ವನಿಯಲ್ಲಿ ಬರೀ ಮರ್ಯಾದೆ ಇತ್ತು, ಬೇರೇನೂ ಇರಲಿಲ್ಲ. ಅವರು ಕುರ್ಚಿಯಲ್ಲಿ ಕಾಲು ಚಾಚಿ ಕೂತು ಒಂದು ರೊಟ್ಟಿ ತಿಂದರು. ನಾನು ಎದುರಿಗೇ ಕೂತಿದ್ದೆ. ಬೈಯಲು ಮುಖ ಎದುರಿಗಿದ್ದರೂ ನನಗೆ ಬೈಗುಳ ಬರಲಿಲ್ಲ.

ಮಂಗಳೂರಿನವರು ಬಂದರು. ಕೆಲಸ ಬಲ್ಲವರು, ಕಟ್ಟುನಿಟ್ಟು. ತಂಡ ಲೀಗಿನಲ್ಲಿ ಉಳಿಯಿತು. ನಾನು ಗೋಲ್‌ಕೀಪರ್‌ಗಳ ಜೊತೆಯೇ ಉಳಿದೆ. ಹೊಸ ಕೋಚ್ ಯಾರನ್ನಾದರೂ ಕೈಬಿಟ್ಟರೆ ಆ ಹುಡುಗ ನೇರವಾಗಿ ನನ್ನ ಅಂಗಡಿಗೆ ಬಂದು ಕೂರುತ್ತಿದ್ದ. ಇಬ್ಬರೂ ಚಹಾ ಕುಡಿಯುತ್ತಿದ್ದೆವು, ಅವನು ಕೋಚ್‌ಗೆ ಬೈಯುತ್ತಿದ್ದ, ನಾನು ಯಾವುದೋ ಮೊಬೈಲಿನ ಹೊಟ್ಟೆ ಬಿಚ್ಚಿಟ್ಟುಕೊಂಡು ಕೇಳುತ್ತಿದ್ದೆ. ಉಸ್ತಾದರ ಮನೆಗೆ ಮಾತ್ರ ನಾನು ಹೋಗಲಿಲ್ಲ.

ಅವರು ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದ ಮೇಲೆ ಹೊನ್ನಾಳಿಗೆ ಹೋದೆ. ಮೈಯೆಲ್ಲ ಇಳಿದು ಹೋಗಿತ್ತು.

"ಸಿಟ್ಟು ಇನ್ನೂ ಐತೇನೋ?" ಎಂದರು.

"ಐತ್ರಿ."

"ಇರಲಿ, ಕೂತ್ಕ."

ಕೂತೆ. "ಆವತ್ತು ನನ್ನ ಹೆಸರು ಹೇಳಿದ್ರೆ ಏನಾಗ್ತಿತ್ತು ಉಸ್ತಾದ್?" ಎಂದು ಕೇಳಿಯೇಬಿಟ್ಟೆ.

ಅವರು ಕಣ್ಣು ಮುಚ್ಚಿಕೊಂಡೇ ನಿಧಾನಕ್ಕೆ ಹೇಳಿದರು. "ಮೊದಲು ಸೋಲ್ತಿದ್ದಿ. ಆಮ್ಯಾಲೆ ಹುಡುಗರ್ನ ಕೂರ್ಸಾದು ಕಲೀತಿದ್ದಿ. ಕಲಿಯಾಕೆ ಎಷ್ಟೊತ್ತು, ನಾನೂ ಹಂಗೇ ಕಲ್ತಿದ್ದು. ಚಲೋ ಕೋಚೇ ಆಗ್ತಿದ್ದಿ." ಉಸಿರು ಎಳೆದುಕೊಂಡರು. "ಆವತ್ತು ಆಗಲ್ಲ ಅಂದಿದ್ದು ಸುಳ್ಳು. ನೀನು ನನ್ನಂಗೆ ಆಗಾದು ಬ್ಯಾಡ ಅನ್ನಿಸ್ತು, ಅಷ್ಟೇ."

ಸ್ವಲ್ಪ ದಿನಕ್ಕೇ ತೀರಿಕೊಂಡರು. ಮಣ್ಣಿಗೆ ಬಹಳ ಜನ ಬರುತ್ತಾರೆ ಎಂದುಕೊಂಡಿದ್ದೆ, ಬರಲಿಲ್ಲ. ಅವರು ಕೈಬಿಟ್ಟ ಹುಡುಗರಲ್ಲಿ ಬಂದವರು ಕಡಿಮೆ. ತಂಗಿ ಬಂದು ಅತ್ತರು. ಅವರ ಮಗನನ್ನು ನಾನು ಕಾಣಲಿಲ್ಲ.

ಈಗ ಮಂಗಳೂರಿನವರೂ ಬಿಟ್ಟು ಹೋಗಿದ್ದಾರೆ, ಕಮಿಟಿ ಮತ್ತೆ ಕೋಚ್ ಹುಡುಕುತ್ತಿದೆ. ಮೊನ್ನೆ ಅಧ್ಯಕ್ಷರು ಅಂಗಡಿಗೇ ಬಂದು, "ಈ ಸಲ ನೀವೇ ಆಗಿಬಿಡ್ರಿ, ಬ್ಯಾರೆ ಯಾರೂ ಬ್ಯಾಡ" ಎಂದರು. ನಾನು ಒಲ್ಲೆ ಎಂದೆ. ಯಾಕೆಂದು ಕೇಳಿದರು, ಅಂಗಡಿ ನೋಡಿಕೊಳ್ಳಬೇಕು ಎಂದೆ. ಅವರು ಒತ್ತಾಯ ಮಾಡಿದರು, ನಿಮ್ಮ ಕೈಲಿ ಖಂಡಿತ ಆಗುತ್ತೆ ಎಂದು ಧೈರ್ಯವನ್ನೂ ಹೇಳಿದರು. ಆಗುತ್ತದೆ ಎಂದು ನನಗೆ ಗೊತ್ತು, ಅದಕ್ಕೇ ಒಲ್ಲೆ ಎಂದದ್ದು.