ಬೂಟುದೊರೆಯ ಮರಿಮಗ

ಇಂಥ ಕತೆಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಚಹಾ ಮಾಡಲು ಹೋಗುತ್ತಿದ್ದೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು ನಾನು. ಸತ್ತವರು ಸತ್ತೇ ಇರುತ್ತಾರೆ ಎಂಬ ಭರವಸೆಯ ಮೇಲೆ ನನ್ನ ಕೆಲಸ ನಡೆಯುತ್ತದೆ. ಈಗ ಬರೆಯುವುದನ್ನು ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ಕೀತ್ ಎಂಬ ವೃದ್ಧರು ನನ್ನನ್ನು ಹುಡುಕಿಕೊಂಡು ಬಂದರು. ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಎಂಬ ಹುದ್ದೆ ಆ ದೇಶದಲ್ಲಿ ಹೊಸದಾಗಿ ಹುಟ್ಟಿದ ಕಾಲದಲ್ಲಿ ಹೆಸರು ಮಾಡಿದವರಲ್ಲಿ ಅವರ ಮುತ್ತಜ್ಜನೂ ಒಬ್ಬನಂತೆ. ಆತನ ವಂಶದ ಚರಿತ್ರೆ ಬರೆಯುತ್ತಿದ್ದರು. ಆತ ಹರೆಯದಲ್ಲಿ ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದನೆಂದು ಮನೆಯವರಿಗೆ ಗೊತ್ತಿತ್ತು, ಹೆಚ್ಚೇನೂ ಗೊತ್ತಿರಲಿಲ್ಲ. ನನ್ನ ತಾಯಿಯ ಕಡೆಯವರೂ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರೇ. ಅತ್ತಾವರದ ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ.

ಕೊಡಿಯಾಲ್‌ಬೈಲಿನಲ್ಲಿ ನನ್ನ ಕಾರು ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದಾಗ ಕೀತ್ ಖುಷಿಯಿಂದ ಹೇಳಿದರು: ಮುತ್ತಜ್ಜನ ಫುಟ್‌ಬಾಲ್ ಹುಚ್ಚು ಇಲ್ಲಿಯೇ ಶುರುವಾದದ್ದಂತೆ. ಸಂಜೆ ಕೆಲಸ ಬಿಟ್ಟ ಕೂಡಲೇ ಹೊಳೆಬದಿಯ ಮರಳಲ್ಲಿ ಕೂಲಿಯವರನ್ನು ನಿಲ್ಲಿಸಿ ಆಡಿಸುತ್ತಿದ್ದನಂತೆ.

ಆ ದೊರೆಯನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ನಮ್ಮ ಮನೆಯಲ್ಲಿ ಅವನ ಹೆಸರು ಬೂಟುದೊರೆ. ದೊಡ್ಡಮ್ಮನ ಅಜ್ಜ ತನಿಯಪ್ಪ ಒಂದು ಸಂಜೆ ಜ್ವರದಲ್ಲಿ ನಡುಗುತ್ತ ನಿಂತಿದ್ದ. ತನ್ನತ್ತ ಬಂದ ಚೆಂಡನ್ನು ಬಿಟ್ಟುಬಿಟ್ಟ. ದೊರೆ ಓಡಿಬಂದು ಅವನ ಹೊಟ್ಟೆಗೆ ಒದ್ದ. ಬೆಳಗಾಗುವಷ್ಟರಲ್ಲಿ ತನಿಯಪ್ಪ ಇರಲಿಲ್ಲ. ಮಲೇರಿಯಾದಿಂದ ಗುಲ್ಮ, ಅಂದರೆ ಸ್ಪ್ಲೀನ್, ಊದಿತ್ತು, ಮೆಲ್ಲಗೆ ತಾಗಿದರೂ ಒಡೆಯುತ್ತಿತ್ತು ಎಂದು ಬಿಳಿಯ ನ್ಯಾಯಾಧೀಶ ದೊರೆಯನ್ನು ಬಿಟ್ಟುಬಿಟ್ಟ. ದೊರೆ ಹಡಗು ಹತ್ತಿದ. ಸತ್ತವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುವಾಗ ದೊಡ್ಡಮ್ಮ ಪ್ರತಿ ವರ್ಷ ಹೇಳುತ್ತಿದ್ದಳು, “ಎಲ್ಲರೂ ಉಣ್ತಾರೆ. ಅಜ್ಜ ಮಾತ್ರ ಉಣ್ಣುದಿಲ್ಲ. ಅವರ ಹೊಟ್ಟೆಯಲ್ಲಿ ಇನ್ನೂ ಬೂಟು ಉಂಟು.”

ಆಗಲೇ ಕಾರು ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಈ ಮನುಷ್ಯನನ್ನು ಆ ಮನೆಯಲ್ಲೇ ಕೂರಿಸಿ, ಅವನ ಹೆಮ್ಮೆಯ ಮುತ್ತಜ್ಜ ಎಂಥವನೆಂದು ಮುಖಕ್ಕೇ ಹೇಳಬೇಕು, ಆ ಮುಖ ಬಾಡುವುದನ್ನು ನಾನು ನೋಡಬೇಕು ಅನ್ನಿಸಿತು. ಅವರು ಒಳ್ಳೆಯವರು ಎಂಬುದು ಗೊತ್ತಿದ್ದೂ ಹಾಗನ್ನಿಸಿತು.

ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿದು ಬಹಳ ದಿನಗಳಾಗಿದ್ದವು. ಮಾತಿರಲಿಲ್ಲ, ಕಾಲಿನಲ್ಲಿ ಶಕ್ತಿಯಿರಲಿಲ್ಲ. ಚಮಚದಲ್ಲಿ ಕುಡಿಸಿದ ಗಂಜಿನೀರೂ ಹೊರಗೆ ಬರುತ್ತಿತ್ತು. ಮನೆಯ ಮುಂದಿನ ಚಾವಡಿಯ ಮಂಚದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಅವಳ ಮಗಳು ಶಶಿಯಕ್ಕನಿಗೆ ನಾನು ತುಳುವಿನಲ್ಲಿ ಮೆಲ್ಲನೆ ವಿಷಯ ಹೇಳಿದೆ. ಅವಳು ಕೀತ್ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಮೊದಲು ಚಾ ಕುಡೀಲಿ. ಮತ್ತೆ ನಾನೇ ಹೇಳ್ತೇನೆ, ನೀನು ಒಂದು ಶಬ್ದವೂ ಬಿಡದೆ ಇಂಗ್ಲಿಷಿನಲ್ಲಿ ಹೇಳು,” ಎಂದು ಒಳಗೆ ಹೋದಳು.

ಕೀತ್ ಅವರಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಅವರು ನಗುತ್ತ ಮಂಚದ ಮುಂದೆ ನಿಂತು, ಮುತ್ತಜ್ಜನ ಫೋಟೋವನ್ನು ದೊಡ್ಡಮ್ಮನ ಎದುರು ಹಿಡಿದರು. ಹೊರಗೆ ಮಧ್ಯಾಹ್ನದ ಬಿಸಿಲು. ಚಾವಡಿಯಲ್ಲಿ ನಾವು ಮೂವರೇ.

ದೊಡ್ಡಮ್ಮ ಫೋಟೋ ನೋಡಲಿಲ್ಲ. ಕೀತ್ ಅವರನ್ನೇ ನೋಡಿ, “ಬತ್ತನಾ?” ಎಂದಳು. ಬಂದೆಯಾ, ಎಂದು. ಸ್ವರ ಗಂಡಸಿನದು.

ಕೀತ್ ಅವರ ಬಾಯಿಂದ ಗಾಳಿ ಹೊರಟ ಹಾಗೆ ಒಂದು ಸದ್ದು ಬಂತು. ಎಡ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹೆಜ್ಜೆ ಹಿಂದಕ್ಕೆ ಹಾರಿದಂತಾಗಿ ಬಿದ್ದರು. ನಾನು ಬಾಗಿಲ ಬಳಿ ಇದ್ದೆ. ದೊಡ್ಡಮ್ಮ ಕೂತಲ್ಲೇ ಇದ್ದಳು. ಯಾರೂ ಅವರನ್ನು ಮುಟ್ಟಿರಲಿಲ್ಲ.

ಆಸ್ಪತ್ರೆ ಹತ್ತಿರವೇ ಇದ್ದದ್ದರಿಂದ ಜೀವ ಉಳಿಯಿತು. ಶಸ್ತ್ರಚಿಕಿತ್ಸೆಗೆ ಮೊದಲು ಡಾಕ್ಟರು ಹೊರಗೆ ಬಂದು ನನ್ನನ್ನು ಗದರಿದರು.

“ಸ್ಪ್ಲೀನ್ ಒಡೆದಿದೆ. ಯಾರು ಒದ್ದದ್ದು ಇವರಿಗೆ? ಸತ್ಯ ಹೇಳಿ.”

“ಯಾರೂ ಒದೀಲಿಲ್ಲ ಡಾಕ್ಟ್ರೇ. ನಿಂತಲ್ಲೇ ಬಿದ್ರು.”

“ಹಾಗಾದ್ರೆ ಆ ಗುರುತು ಎಂತದು ಮತ್ತೆ?”

ಎಡ ಪಕ್ಕೆಯ ಕೆಳಗೆ ಅಂಗೈಯಗಲ ನೀಲಿಗಟ್ಟಿತ್ತಂತೆ. ಮಲೇರಿಯಾದ ಪರೀಕ್ಷೆಯನ್ನೂ ಮಾಡಿಸಿದರು. ಅದು ಇರಲಿಲ್ಲ.

ಸಂಜೆ ಅತ್ತಾವರಕ್ಕೆ ಹೋದೆ. ಶಶಿಯಕ್ಕ ಬಾಗಿಲಲ್ಲೇ ಕೂತಿದ್ದಳು. “ಅಮ್ಮ ಬಟ್ಟಲು ತುಂಬ ಗಂಜಿ ಉಂಡ್ರು ಮಾರಾಯ್ತಿ. ಇನ್ನೂ ಬೇಕು ಅಂತ ಕೈ ನೀಡಿದ್ರು,” ಎಂದಳು. ಅವಳಿಗೆ ಹೆದರಿಕೆಯೂ ಇತ್ತು, ಮುಚ್ಚಿಡಲಾಗದ ಒಂದು ತೃಪ್ತಿಯೂ ಇತ್ತು. ನನಗೂ ಇತ್ತು. ದೊಡ್ಡಮ್ಮ ಮತ್ತೆ ಮಾತಾಡಲಿಲ್ಲ. ಆ ವರ್ಷವೇ ತೀರಿಕೊಂಡಳು.

ಎಚ್ಚರವಾದ ಮೇಲೆ ಕೀತ್ ನನ್ನನ್ನು ಹತ್ತಿರ ಕರೆದು ಕೇಳಿದ್ದು ಒಂದೇ ಪ್ರಶ್ನೆ: ಬರಿಗಾಲಲ್ಲಿ ಒದ್ದನಲ್ಲ, ಅವನು ಯಾರು? ಆಗ ಎಲ್ಲವನ್ನೂ ಹೇಳಿದೆ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಕಳೆದ ತಿಂಗಳು ಅವರ ಇಮೇಲ್ ಬಂತು. ಪುಸ್ತಕ ಮುಗಿದಿದೆ, ತನಿಯಪ್ಪನ ಸಾವನ್ನೂ ಬರೆದಿದ್ದಾರೆ. ಇನ್ನೊಮ್ಮೆ ಆ ಮನೆಗೆ ಬಂದು ಕ್ಷಮೆ ಕೇಳಬೇಕಂತೆ. ಶಶಿಯಕ್ಕನಿಗೆ ಹೇಳಿದರೆ, “ಅಮ್ಮ ಹೋದ್ರು ಸರಿ, ಅಜ್ಜ ಹೋಗಿದ್ದಾರೆ ಅಂತ ಹೇಗೆ ಹೇಳುದು?” ಎಂದು ಕೇಳಿದಳು.

ಆ ಮಧ್ಯಾಹ್ನ ಏನಾಯಿತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಬರಬೇಡಿ ಎಂದು ಬರೆಯುವುದೇ ಸರಿ. ಬರೆಯಲು ಕೂರುತ್ತೇನೆ ಕೂಡ. ಆದರೆ ಅವರು ಬರಲಿ, ಬಂದು ಆ ಮಂಚದ ಮುಂದೆ ನಿಲ್ಲಲಿ ಎಂದು ನನ್ನೊಳಗೆ ಯಾರೋ ಕಾಯುತ್ತಿದ್ದಾರೆ. ಅದು ನಾನೇ ಹೌದೋ ಅಲ್ಲವೋ, ಗೊತ್ತಾಗುತ್ತಿಲ್ಲ.