ಎದುರು ಮನೆ ಅಕ್ಕನ ಗೊಜ್ಜು

ಮೊನ್ನೆ ಲಿಫ್ಟಿನಿಂದ ಹೊರಬಂದಾಗ ಯಾರದೋ ಅಡುಗೆಮನೆಯಿಂದ ಮೆಂತ್ಯ ಹುರಿಯುವ ವಾಸನೆ ಬಂತು. ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಕಟ್ಟಡದಲ್ಲಿ ಮೆಂತ್ಯ ಹುರಿಯುವವರು ಕಡಿಮೆಯೇನಿಲ್ಲ. ಆದರೂ ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎದುರು ಮನೆಯ ಅಕ್ಕ ನೆನಪಾದರು...

ಕೊರೊನಾದ ಮೊದಲ ವರ್ಷ ಅದು. ನನ್ನ ಗಂಡನ ಕಂಪನಿ ಅರ್ಧಕ್ಕರ್ಧ ಜನರನ್ನು ಕೆಲಸದಿಂದ ತೆಗೆದಿತ್ತು. ಇವರ ಸರದಿ ಯಾವಾಗಲೋ ಗೊತ್ತಿರಲಿಲ್ಲ. ನಾನು ಮೈಸೂರಿನ ನಮ್ಮಮ್ಮನ ಕ್ರಮದಲ್ಲಿ ಪುಳಿಯೋಗರೆ ಗೊಜ್ಜು ಮಾಡಿ ಮಾರಲು ಶುರುಮಾಡಿದೆ. ದೂರದ ಬಾಂಗ್ಸಾರ್ ಬಡಾವಣೆಯಿಂದೆಲ್ಲ ಆರ್ಡರು ಬಂದವು. ಆದರೆ ನನ್ನ ವೀಸಾದಲ್ಲಿ ವ್ಯಾಪಾರ ನೋಂದಾಯಿಸುವಂತಿರಲಿಲ್ಲ. ಅಕ್ಕ ಕೋಲಾರದವರು, ಇಲ್ಲಿನ ತಮಿಳರೊಬ್ಬರನ್ನು ಮದುವೆಯಾಗಿ ಇಲ್ಲಿಯವರೇ ಆಗಿಹೋಗಿದ್ದರು. "ಯಾಕಮ್ಮಾ ತಲೆ ಕೆಡಿಸ್ಕೊಂತೀಯ? ನನ್ನ ಹೆಸರಲ್ಲಿ ಮಾಡ್ಕೋ ಲಾ" ಅಂದರು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

ಮಾಡಿಕೊಂಡೆ. ಅಂದಿನಿಂದ ನನ್ನ ನೆಮ್ಮದಿ ಕೆಟ್ಟಿತು. ಗೊಜ್ಜು ನನ್ನದು, ಲೈಸೆನ್ಸು ಅವರದು. ನಾಳೆ ಅಕ್ಕ ಎಲ್ಲ ತನ್ನದೇ ಅಂದುಬಿಟ್ಟರೆ? ನಾನು ಮೊದಲೇ ಅನುಮಾನದ ಪ್ರಾಣಿ. ತರಕಾರಿಯವನು ನಾಲ್ಕು ಮೆಣಸಿನಕಾಯಿ ಹೆಚ್ಚಿಗೆ ಹಾಕಿದರೂ ಕೊಳೆತಿವೆಯೇನೋ ಎಂದು ತಿರುಗಿಸಿ ನೋಡುವವಳು. ಅಕ್ಕ ಬಾಟಲಿಗಳ ಫೋಟೊ ತೆಗೆದರೆ ಯಾರಿಗೆ ಕಳಿಸುತ್ತಾರೆಂದು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಅವರು ಬಂದರೆ ಬಾಣಲೆಗೆ ತಟ್ಟೆ ಮುಚ್ಚುತ್ತಿದ್ದೆ.

ಒಂದು ದಿನ ನೋಟ್‌ಬುಕ್ ಹಿಡಿದೇ ಬಂದರು. "ಅಳತೆ ಹೇಳು, ಬರ್ಕೊಂತೀನಿ. ನಿಂಗೆ ಹುಷಾರು ತಪ್ಪಿದ್ರೆ ಯಾರಮ್ಮಾ ಮಾಡೋರು?"

ಬಂತು ನೋಡು ಅಸಲು ವಿಷಯ, ಅಂದುಕೊಂಡೆ. ಆಗಲ್ಲ ಅನ್ನುವ ಹಾಗೂ ಇರಲಿಲ್ಲ. ಹುಣಸೆಹಣ್ಣು, ಬೆಲ್ಲ, ಎಳ್ಳು, ಕೊಬ್ಬರಿ ಎಲ್ಲದರ ಅಳತೆ ಸರಿಯಾಗಿಯೇ ಹೇಳಿದೆ. ಮೆಂತ್ಯ ನಾನು ಹಾಕುವುದು ಒಂದು ಚಮಚ. ಮೂರು ಅಂದೆ. ಅಕ್ಕ "ಮೂರಾ?" ಎಂದು ತಲೆಯೆತ್ತಿದರು. ನಾನು ಹೂಂ ಅಂದೆ. ಬರೆದುಕೊಂಡರು. ಅವತ್ತು ನನಗೆ ಗೆದ್ದೆ ಅನಿಸಿತ್ತು.

ಮರುವರ್ಷ ನಮ್ಮ ಮನೆಗೇ ಕೊರೊನಾ ಬಂತು. ಹಬ್ಬಕ್ಕೆ ಗೊಜ್ಜು ಕಳಿಸುತ್ತೇನೆಂದು ಎಲ್ಲರಿಗೂ ಮಾತು ಕೊಟ್ಟು ನಾನು ಜ್ವರದಲ್ಲಿ ಮಲಗಿದ್ದೆ. ಆರ್ಡರುಗಳ ಪಟ್ಟಿ ಅಕ್ಕನ ಬಳಿಯೂ ಇತ್ತು. ನನ್ನನ್ನು ಎಬ್ಬಿಸುವುದು ಬೇಡವೆಂದು ಅವರೇ ತಮ್ಮ ಮನೆಯಲ್ಲಿ ಮಾಡಿ, ಬಾಟಲಿಗೆ ತುಂಬಿ, ಎಲ್ಲರಿಗೂ ಕಳಿಸಿಬಿಟ್ಟರು. ಮೆಂತ್ಯ ಹೆಚ್ಚಾದದ್ದು ಮಾಡಿದ ದಿನ ಅಷ್ಟಾಗಿ ಗೊತ್ತಾಗುವುದಿಲ್ಲ, ಎರಡು ದಿನ ಕಳೆದರೆ ಕಹಿ ಬಿಡುತ್ತದೆ. ಹಬ್ಬದ ದಿನ ನನ್ನ ಫೋನಿನ ತುಂಬಾ ಅದೇ ದೂರು. ಬಾಯಿಗಿಡಲಾಗದಷ್ಟು ಕಹಿ.

ಸಂಜೆ ಅಕ್ಕ ಫೋನಿನಲ್ಲಿ ಅತ್ತರು. "ನೀನು ಸರಿಯಾಗೇ ಹೇಳ್ಕೊಟ್ಟಿದ್ದೆ ಕಣಮ್ಮಾ, ನಾನೇ ಜಾಸ್ತಿ ಹುರಿದೆ ಅನ್ಸುತ್ತೆ. ನಿನ್ನ ಹೆಸರು ಹಾಳು ಮಾಡ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ."

"ಪರವಾಗಿಲ್ಲ ಬಿಡಿ ಅಕ್ಕಾ. ಎಲ್ಲರ ಕೈಗೂ ಬರಲ್ಲ ಅದು" ಅಂದೆ.

ಹಾಗೆ ಹೇಳಿದ ನಾಲಿಗೆಯ ಮೇಲೆ ಇವತ್ತಿಗೂ ನನಗೆ ಅಸಹ್ಯವಿದೆ. ಅಕ್ಕ ಆಮೇಲೆ ನಮ್ಮ ಅಡುಗೆಮನೆಯ ಕಡೆ ಬರಲಿಲ್ಲ. ಸಿಕ್ಕಾಗ ನಿಜ ಹೇಳೋಣ, ಇವತ್ತು ಬೇಡ, ನಾಳೆ... ಎನ್ನುತ್ತಿರುವಾಗಲೇ ಅವರಿಗೂ ಜ್ವರ ಬಂತು. ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ. ಕೊನೆಯ ಸಲ ಮುಖ ನೋಡುವುದಕ್ಕೂ ಯಾರನ್ನೂ ಬಿಡಲಿಲ್ಲ.

ಈಗ ಲೈಸೆನ್ಸು ಅವರ ಮಗಳ ಹೆಸರಿನಲ್ಲಿದೆ. ಒಳ್ಳೆಯ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೊನ್ನೆ ಲೈಸೆನ್ಸು ನವೀಕರಿಸುವ ಕಾಗದಗಳಿಗೆ ಸಹಿ ಹಾಕುತ್ತಾ, ಅಮ್ಮ ಆ ಹಬ್ಬಕ್ಕೆ ಮಾಡಿದ ಗೊಜ್ಜಿನ ಕಥೆ ತೆಗೆದಳು. "ಪೂರ್ ಅಮ್ಮ, ವರ್ಸ್ಟ್ ಕುಕ್ ಲಾ, ಆಂಟಿ!" ಎಂದು ಕಣ್ಣೊರೆಸಿಕೊಂಡು ನಕ್ಕಳು.

ನಿಜ ಗಂಟಲವರೆಗೆ ಬಂದಿತ್ತು. ಹೇಳಿದರೆ ಇವಳು ಸಹಿ ಹಾಕದೆ ಎದ್ದುಹೋದರೆ ಅನ್ನುವ ಅನುಮಾನವೂ ಅದರ ಹಿಂದೆಯೇ ಬಂತು.

ನಾನೂ ಅವಳ ಜೊತೆ ನಕ್ಕೆ.