ಮಲಕಾರಿ ಒಡೆದ ಸ್ಲ್ಯಾಬು

ಬೇಡಕಿಹಾಳದ ಗೌಂಡಿ ಮಲಕಾರಿ ಮನೆ ಕಟ್ಟಲು ಬಂದ ಮೊದಲ ದಿನ ಗುದ್ದಲಿ ಮುಟ್ಟುತ್ತಿರಲಿಲ್ಲ. ಖಾಲಿ ಜಾಗದ ನಡುವೆ ಕಂಬಳಿ ಹಾಸಿಕೊಂಡು ಬೆಳಗಿನಿಂದ ಸಂಜೆಯ ತನಕ ಕೂತುಬಿಡುತ್ತಿದ್ದ. ಬಿಸಿಲು ಎಲ್ಲಿ ಬಿತ್ತು, ಗಾಳಿ ಯಾವ ಮೂಲೆಯಿಂದ ಬಂತು ಎಂದು ನೋಡುತ್ತ ಎಲೆ ಅಡಿಕೆ ಮೆಲ್ಲುವುದೇ ಅಂದಿನ ಕೆಲಸ. ಕುರಿ ಕಾಯುವ ಅಪ್ಪನ ಹಿಂದೆ ಅಲೆದು ಕಲಿತ ಬುದ್ಧಿ ಅದು. ಕುರಿಗೆ ಬೇಕಾದ ನೆರಳು ಮನುಷ್ಯನಿಗೆ ಬೇಡವೇ ಎಂದು ಅವನ ವಾದ.

ಆಗ ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಬ್ಬು ಕೈ ಹಿಡಿದು ಊರ ತುಂಬ ಸ್ಲ್ಯಾಬಿನ ಮನೆಗಳು ಏಳುತ್ತಿದ್ದವು. ಇಷ್ಟು ಸಾವಧಾನ ಯಾರಿಗೆ ಬೇಕಿತ್ತು? ಕೂಡುವುದಕ್ಕೂ ಕೂಲಿ ತೆಗೆದುಕೊಳ್ಳುವ ಗೌಂಡಿ ಎಂದು ಜನ ನಗುತ್ತಿದ್ದರು. ನಗಲಿ ಬಿಡಿ. ನಕ್ಕವರ ಮನೆಯಲ್ಲಿ ಏಪ್ರಿಲ್ ತಿಂಗಳು ಫ್ಯಾನು ಬಿಸಿಗಾಳಿ ಬೀಸುತ್ತಿದ್ದಾಗ, ಮಲಕಾರಿ ಕಟ್ಟಿದ ಮನೆಯವರು ಫ್ಯಾನಿನ ಗುಂಡಿ ಒತ್ತುವುದನ್ನೇ ಮರೆತು ಗೊರಕೆ ಹೊಡೆಯುತ್ತಿದ್ದರು. ಸ್ಲ್ಯಾಬಿನ ಮೇಲೆ ಸುಣ್ಣ, ಇಟ್ಟಿಗೆಚೂರು ಸುರಿದು ಗೇಣು ದಪ್ಪ ಬಡಿಯದೆ ಅವನು ಕೆಳಗಿಳಿದವನೇ ಅಲ್ಲ.

ತೊಂಬತ್ತೆರಡರ ಮೇ ತಿಂಗಳಲ್ಲಿ ಜೈನರ ಆಬಾಸಾಹೇಬ ಹೊಸ ಮನೆಗೆ ಕೈ ಹಾಕಿದಾಗ ಮಲಕಾರಿಯನ್ನೇ ಕರೆಸಿದ. ಆಬಾಸಾಹೇಬನಿಗೆ ಬೇಕಾಗಿದ್ದದ್ದು ನಿಪ್ಪಾಣಿಯವರ ಕಣ್ಣು ಕುಕ್ಕುವಂಥ ಬಂಗಲೆ. ಅವನ ತಾಯಿ ರಾಜಮತಿಗೆ ಬೇಕಾಗಿದ್ದದ್ದು ಹಗಲ ಬೆಳಕಿನಲ್ಲಿ ಸಂಜೆಯ ಊಟ, ಅಷ್ಟೇ. ಹೊತ್ತು ಮುಳುಗಿದ ಮೇಲೆ ಆಕೆ ಬಾಯಿಗೆ ಹನಿ ನೀರೂ ಹಾಕುವವಳಲ್ಲ. ದೀಪದ ಬೆಳಕಿನಲ್ಲೂ ಉಣ್ಣುವವಳಲ್ಲ, ದೀಪಕ್ಕೆ ಹುಳ ಬಂದು ತಾಟಿನಲ್ಲಿ ಬಿದ್ದು ಸಾಯುತ್ತದೆಂದು. ಹಳೆಯ ಮನೆಯ ಅಡುಗೆಮನೆಯೋ ಗವಿ. ಎಷ್ಟೋ ಸಂಜೆ ಮುದುಕಿ ಹಸಿದೇ ಮಲಗಿದ್ದಳು.

"ನಾಕು ಟ್ಯೂಬ್ ಹಾಕಸ್ತೀನಿ ಆಯಿ, ಹಗಲಿನಂಗ ಆಗತೈತಿ," ಎಂದ ಮಗ.

"ಹಗಲಿನಂಗ ಆದ್ರ ಹಗಲ ಆದೀತೇನೋ?" ಎಂದಳು ತಾಯಿ.

ಮಲಕಾರಿ ಎದೆ ಮುಟ್ಟಿಕೊಂಡ. "ಆಯಿ, ನನ್ನ ಮಾತು ಐತ್ರಿ. ಹೊತ್ತು ಮುಳುಗೂತನಾ ನಿಮ್ಮ ಅಡಗಿಮನ್ಯಾಗ ಗುಂಡಿ ಒತ್ತೂ ಕೆಲಸ ಇಲ್ಲ."

ಇಡೀ ದಿನ ಕೂತು ನೋಡಿ ಅಡುಗೆಮನೆಗೆ ಪಡುವಣದ ಕಡೆ ಎತ್ತರದ ಕಿಟಕಿ ಇಟ್ಟ. ದಸರೆಯ ಹೊತ್ತಿಗೆ ಗೃಹಪ್ರವೇಶವಾಯಿತು. ರಾಜಮತಿ ಕಿಟಕಿಯ ಬೆಳಕಿನಲ್ಲಿ ಕೂತು ಉಂಡಳು, ಬಂದವರ ಮುಂದೆಲ್ಲ ಗೌಂಡಿಯನ್ನು ಹೊಗಳಿದಳು. ಮಲಕಾರಿ ಒಂದೆರಡು ತಿಂಗಳು ನೆಲದ ಮೇಲೆ ನಡೆಯಲಿಲ್ಲ.

ಡಿಸೆಂಬರಿನ ಒಂದು ಸಂಜೆ ಚಹಾದಂಗಡಿಯಲ್ಲಿ ಆಬಾಸಾಹೇಬ ಎದುರಾದ.

"ಲೇ ಮಲಕಾರಿ, ನಿನ್ನಿ ನಾಕೂವರಿಗೇ ಅಡಗಿಮನಿ ಕತ್ತಲಾತು. ಟ್ಯೂಬ್ ಹಚ್ಚಿದೆ, ಹುಳಾ ಬಂದು ತಾಟಿನ್ಯಾಗ ಬಿತ್ತು. ಆಯಿ ತಾಟ ಸರಿಸಿ ಎದ್ದಾಳ. ಎಲ್ಲಿ ಹೋತಪಾ ನಿನ್ನ ಮಾತು?"

ಮಲಕಾರಿ ಚಹಾ ಅಲ್ಲೇ ಬಿಟ್ಟು ಎದ್ದ. ಅವಮಾನವಾಯಿತು ನಿಜ, ಅದಕ್ಕಿಂತ ಮುದುಕಿ ಹಸಿದು ಮಲಗಿದ್ದು ಅವನನ್ನು ಚುಚ್ಚಿತು.

ಮರುದಿನ ಬೆಳಕು ಹರಿಯುವ ಮೊದಲೇ ಆಬಾಸಾಹೇಬನ ಮಾಳಿಗೆ ಹತ್ತಿ ನಿಂತ. ಸೂರ್ಯ ಹುಟ್ಟಿದ್ದು ನೋಡಿ ಹಣೆ ಬಡಿದುಕೊಂಡ. ಮೇ ತಿಂಗಳಲ್ಲಿ ಕಂಡ ಜಾಗದಿಂದ ಅವನು ಎಷ್ಟೋ ತೆಂಕಣಕ್ಕೆ ಸರಿದಿದ್ದ. ಸಂಜೆಯೂ ಹಾಗೇ ಸರಿದು ಪಕ್ಕದ ತಂಬಾಕಿನ ಗೋದಾಮಿನ ಹಿಂದೆ ಇಳಿಯುತ್ತದೆ, ಗೋದಾಮಿನ ನೆರಳೆಲ್ಲ ಕಿಟಕಿಯ ಮೇಲೆ. ವರ್ಷವಿಡೀ ಓಡಾಡುವ ಸೂರ್ಯನನ್ನು ಈ ಜಾಣ ಒಂದೇ ದಿನ ಕೂತು ಅಳೆದಿದ್ದ! ಮುಂದೆ ಅವನು ಯಾವ ಮನೆ ಹಿಡಿದರೂ ಚಳಿಗಾಲದ ಸೂರ್ಯನನ್ನು ನೋಡದೆ ಕಿಟಕಿ ಇಟ್ಟಿಲ್ಲ.

ಅಂದು ಮಾತ್ರ ಅಡುಗೆಮನೆಯ ನೆತ್ತಿಯ ಸ್ಲ್ಯಾಬಿಗೇ ಉಳಿ ಇಟ್ಟು ಬಡಿಯತೊಡಗಿದ. ಕೆಳಗೆ ಮಲಗಿದ್ದ ಆಬಾಸಾಹೇಬ ಉಳಿಯ ಸದ್ದಿಗೆ ಎದ್ದು ಓಡಿ ಬಂದ. "ಹೊಸಾ ಸ್ಲ್ಯಾಬ್ ಒಡ್ಯಾಕತ್ತೀಯೇನಲೇ? ಮಳಿಗಾಲದಾಗ ಸೋರತೈತಿ!"

"ಸೋರಿದ್ರ ನನ್ನ ನೆತ್ತಿ ಮ್ಯಾಲ ಸೋರ್ಲಿ ಸಾವಕಾರ್ರ. ನೀವು ನಿಪ್ಪಾಣಿಗೆ ಹೋಗಿ ಎರಡು ಫೂಟ್ ಚೌಕದ ದಪ್ಪನ್ನ ಗಾಜು ತರ್ರಿ."

ತಾನೇ ಹಾಕಿದ ಸ್ಲ್ಯಾಬು, ಗಟ್ಟಿಯಾಗಿ ಹಾಕಿದ್ದೇ ತಪ್ಪಾಯಿತು. ಹೊಡೆದ ಏಟು ಕೈಗೇ ತಿರುಗಿ ಬರುತ್ತಿತ್ತು. ಸರಳುಗಳ ನಡುವೆ ಚೌಕ ಕೊರೆದು, ಸುತ್ತ ಗೇಣೆತ್ತರ ಇಟ್ಟಿಗೆ ಕಟ್ಟೆ ಏರಿಸುವಷ್ಟರಲ್ಲಿ ಆಬಾಸಾಹೇಬ ಮೋಟರ್ ಸೈಕಲ್ಲಿನ ಹಿಂದೆ ಕೂತು ಬಂದ. ಬಾಣಂತಿಯ ಕೂಸಿನಂತೆ ಗಾಜನ್ನು ಎದೆಗವಚಿಕೊಂಡಿದ್ದ. ನಾಲ್ಕು ಗಂಟೆಗೆ ಗಾಜು ಕೂತಿತು. ನೀರು ಹರಿದುಹೋಗಲೆಂದು ಮಲಕಾರಿ ಅದನ್ನು ಓರೆಯಾಗಿ ಕೂರಿಸಿದ್ದ.

ಗೋದಾಮು ಕಿಟಕಿಯನ್ನು ಮುಚ್ಚಿತು. ಆದರೆ ಆಕಾಶವನ್ನು ಮುಚ್ಚುವ ಗೋದಾಮು ಎಲ್ಲಿದೆ? ಐದಕ್ಕೆ ರಾಜಮತಿ ತಾಟಿನ ಮುಂದೆ ಕೂತಳು. ರೊಟ್ಟಿ ಮುರಿದು, ಪಲ್ಯ ಕೆದರಿ, ಎರಡೆರಡು ಸಲ ನೋಡಿದಳು. ಎಲ್ಲ ನಿಚ್ಚಳ. ಸಾವಕಾಶ ಉಂಡು, ನೀರು ಕುಡಿದು, ಬಾಯಿ ಮುಕ್ಕಳಿಸಿ, ಆಮೇಲೆ ಮಲಕಾರಿಯನ್ನು ಕರೆದು ಹೊಸ್ತಿಲ ಹೊರಗೆ ಕೂರಿಸಿ ಬಡಿಸಿದಳು.

ಅವನು ತಲೆ ಎತ್ತದೆ ಐದು ರೊಟ್ಟಿ ಮುಗಿಸಿದ. ಮುದುಕಿ ದಿಟ್ಟಿಸಿ ನೋಡಿದಳು.

"ನಿನ್ನಿ ಸಂಜೀಕ ಉಂಡಿಲ್ಲೇನೋ?"

"ನೀವು ಹಸದ ಮಲಗೀರಿ ಅಂತ ಕೇಳಿದ ಮ್ಯಾಲ ರೊಟ್ಟಿ ಗಂಟಲದಾಗ ಇಳೀಲಿಲ್ರಿ ಆಯಿ."

ರಾಜಮತಿಯ ಕಣ್ಣು ತುಂಬಿದವು. ಒಳಗೆ ಹೋಗಿ ಇನ್ನೂ ಎರಡು ರೊಟ್ಟಿ ತಂದು ಅವನ ತಾಟಿಗೆ ಹಾಕಿದಳು.

"ಉಣ್ಣಪಾ," ಎಂದಳು. "ಇನ್ನೂ ಬೆಳಕ ಐತಿ."